ಮೂವತ್ತರ ಮುಂದೆ ಮುನ್ನೂರು

ಓರಗಿತ್ತಿಗೆ ತವರಿನಿಂದ ಬಂಗಾರದ ಸರ ಬಂದರೆ ಸಹಿಸಬಹುದು. ಸೆರಗು ಸ್ವಲ್ಪ ಮೇಲೆ ಸರಿದರೆ ಸರ ಕಾಣುವುದಿಲ್ಲ. ರೇಷ್ಮೆ ಸೀರೆ ಬಂದರೂ ಸಹಿಸಬಹುದು. ಆ ಬಣ್ಣ ಅವಳಿಗೆ ಒಪ್ಪುವುದಿಲ್ಲ ಅಂತ ನಾಲ್ಕು ಜನರ ಮುಂದೆ ಮರುಕಪಟ್ಟು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಓರಗಿತ್ತಿಗೆ ಕರೆಂಟಿನ ಪೆಟ್ಟಿಗೆ ಬಂದರೆ? ಅದೂ ಉರುಮಿ ಡೋಲಿನ ಮೇಳದ ಜೊತೆ, ಕೊರಳಿಗೆ ಮಲ್ಲಿಗೆ ಹಾರ ಹಾಕಿಕೊಂಡು, ಹಿತ್ತಾಳೆ ತಟ್ಟೆಯಲ್ಲಿ ಕೂತು, ಕೊಂಬೈ ಊರಿನ ಬೀದಿಯುದ್ದಕ್ಕೂ ಮೆರವಣಿಗೆಯಲ್ಲಿ ಬಂದರೆ ಯಾವ ಹೆಣ್ಣಿನ ಹೊಟ್ಟೆ ತಾನೇ ತಣ್ಣಗಿದ್ದೀತು?

ದೈವಾನೈಯ ಹೊಟ್ಟೆಯಂತೂ ಇರಲಿಲ್ಲ.

ನಡೆದದ್ದಿಷ್ಟು. ದೈವಾನೈಯ ಗಂಡ ಕರುಪ್ಪಸಾಮಿಯೂ ಅವನ ತಮ್ಮನೂ ಒಂದೇ ಮನೆಯ ನಡುವೆ ಗೋಡೆ ಎಬ್ಬಿಸಿ ಅದನ್ನು ಎರಡು ಮನೆ ಮಾಡಿಕೊಂಡಿದ್ದರು. ಅಣ್ಣತಮ್ಮಂದಿರಿಗೆ ಜಗಳವೇನೂ ಇರಲಿಲ್ಲ. ಗೋಡೆ ಬೇಕಾಗಿದ್ದದ್ದು ಅಡುಗೆಮನೆಗೆ. ತಮ್ಮನ ಹೆಂಡತಿ ತಿಲಗವತಿ ತನ್ನ ಪಾಲಿನ ಮನೆಯಲ್ಲಿ ಹಾಲುಕ್ಕಿಸುವ ದಿನ ಗೊತ್ತು ಮಾಡಿದಳು. ಅಂಥ ದಿನ ಹೆಣ್ಣಿನ ಅಣ್ಣತಮ್ಮಂದಿರು ತವರಿನಿಂದ ಉಡುಗೊರೆಯ ತಟ್ಟೆಗಳನ್ನು ಹೊತ್ತು ತರಬೇಕು. ಅದನ್ನು ಆ ಕಡೆ ಸೀರು ಅಂತಾರೆ. ಎಷ್ಟು ತಟ್ಟೆ ಬಂತು, ತಟ್ಟೆಯಲ್ಲಿ ಏನು ಬಂತು ಎನ್ನುವುದರ ಮೇಲೆ ಮುಂದಿನ ಮೂರು ವರ್ಷ ಆ ಹೆಣ್ಣು ಬೀದಿಯಲ್ಲಿ ಎಷ್ಟು ಗಟ್ಟಿಯಾಗಿ ಮಾತಾಡಬಹುದು ಎನ್ನುವುದು ತೀರ್ಮಾನವಾಗುತ್ತದೆ.

ತಿಲಗವತಿಯ ಅಣ್ಣ ಸೇಕರ್ ಪಕ್ಕದ ಕಂಬಂ ಪೇಟೆಯಲ್ಲಿ ಲೈಸೆನ್ಸು ಪಡೆದ ಎಲೆಕ್ಟ್ರಿಷಿಯನ್. ಅವನು ಏಳು ತಟ್ಟೆ ತಂದ. ಐದರಲ್ಲಿ ಹಣ್ಣು, ಕಾಯಿ, ಸೀರೆ ಎಲ್ಲ ಲೋಕಾರೂಢಿ. ಆರನೆಯದರಲ್ಲಿ ಕೆಂಪು, ಕಪ್ಪು, ಹಸಿರು ವೈರಿನ ಸುರುಳಿಗಳು ಹಬ್ಬದ ಬಳೆಗಳ ಹಾಗೆ. ಏಳನೆಯದರಲ್ಲಿ ಟ್ರಿಪ್ಪರ್.

ಟ್ರಿಪ್ಪರ್ ಎಂದರೆ, ಮನೆಯಲ್ಲಿ ಕರೆಂಟು ಹೋಗಬಾರದ ದಾರಿಯಲ್ಲಿ ಎಲ್ಲಾದರೂ ಸೋರಿದರೆ ಕಣ್ಣೆವೆ ಇಕ್ಕುವುದರೊಳಗೆ ‘ಟಕ್’ ಅಂತ ಇಡೀ ಮನೆಯ ಕರೆಂಟನ್ನೇ ಕತ್ತರಿಸಿ ಜೀವ ಉಳಿಸುವ ಅಂಗೈಯಗಲದ ಪೆಟ್ಟಿಗೆ. ಐನೋರು ಅದಕ್ಕೂ ಕುಂಕುಮ ಇಟ್ಟರು. ದೈವಾನೈ ಅಕ್ಷತೆ ಹಾಕುವ ನೆಪದಲ್ಲಿ ಬಗ್ಗಿ ಅದರ ಮೈಮೇಲೆ ಬರೆದದ್ದನ್ನು ಓದಿದಳು. ಮೂವತ್ತು ಎಂದು ಅಂಕಿ ಇತ್ತು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಎರಡು ಚಿಲ್ಲರೆ ಅಕ್ಷರ. ಆ ಮೂವತ್ತು ಅವಳ ಎದೆಯಲ್ಲಿ ಬರೆ ಹಾಕಿದ ಹಾಗೆ ಕೂತುಬಿಟ್ಟಿತು.

ಅವಳ ಪಾಲಿನ ಮನೆಯಲ್ಲಿ ಹಾಲುಕ್ಕಿಸಿದಾಗ ಅವಳ ಅಣ್ಣ ಪಿಚ್ಚೈ ಏನು ತಂದಿದ್ದ? ಕಾಮಯಗೌಂಡನ್‌ಪಟ್ಟಿಯ ತನ್ನ ತೋಟದಿಂದ ಎರಡು ಪೆಟ್ಟಿಗೆ ಪನ್ನೀರ್ ದ್ರಾಕ್ಷಿ. ಸಂಜೆಯೊಳಗೆ ದ್ರಾಕ್ಷಿ ಖಾಲಿ, ರಾತ್ರಿಯೊಳಗೆ ಮೂವರಿಗೆ ಹೊಟ್ಟೆ ಕೆಟ್ಟಿತ್ತು. ಸೀರಿನ ನೆನಪು ಉಳಿದಿದ್ದರೆ ಅಷ್ಟರ ಮಟ್ಟಿಗೆ.

ಮಾರನೆಯ ದಿನದಿಂದ ತಿಲಗವತಿಯ ಮನೆಗೆ ಹೆಂಗಸರು ಬಾಣಂತಿ ನೋಡಲು ಬಂದ ಹಾಗೆ ಬರತೊಡಗಿದರು. ಪೆಟ್ಟಿಗೆಯಲ್ಲಿ ಪರೀಕ್ಷೆಗೆ ಅಂತ ಒಂದು ಪುಟ್ಟ ಗುಂಡಿ ಇತ್ತು. ಸೇಕರ್ ಹೇಳಿದ್ದು ತಿಂಗಳಿಗೊಮ್ಮೆ ಒತ್ತು ಅಂತ. ತಿಲಗವತಿ ಬಂದವರಿಗೊಮ್ಮೆ ಒತ್ತಿದಳು. ‘ಟಕ್’ ಅನ್ನುವುದು, ಫ್ಯಾನು ನಿಲ್ಲುವುದು, ಹೆಂಗಸರು ‘ಆಹಾ’ ಎನ್ನುವುದು, ಎಲ್ಲವೂ ಗೋಡೆಯ ಈಚೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅರಸರು ಗೋಡೆ ಕಟ್ಟುವಾಗ ಶತ್ರುವಿನ ಫಿರಂಗಿಯನ್ನು ಲೆಕ್ಕ ಹಾಕುತ್ತಿದ್ದರಂತೆ. ನಮ್ಮ ಕರುಪ್ಪಸಾಮಿ ಇಟ್ಟಿಗೆ ಉಳಿಸಲು ಹೋಗಿ ನಾಲ್ಕೂವರೆ ಇಂಚಿನ ಗೋಡೆ ಕಟ್ಟಿಸಿದ್ದ.

“ಎನ್ನಂಗೊ, ಕೇಳಿಸ್ತಾ?” ಎಂದು ದೈವಾನೈ ಗಂಡನನ್ನು ಕರೆದಳು.

“ಏನು?”

“ಟಕ್ ಅಂತು. ಇವತ್ತಿಗೆ ಇದು ಹನ್ನೊಂದನೇದು.”

“ನಮ್ಮನೇಲಿ ಟಕ್ ಇಲ್ಲ್ಯಲ್ಲ, ಚುರುಕ್ ಅದೆ,” ಎಂದ ಕರುಪ್ಪಸಾಮಿ.

ಅವನು ಹೇಳಿದ್ದು ಸುಳ್ಳಲ್ಲ. ಅವರ ಮನೆಯ ರುಬ್ಬುವ ಗ್ರೈಂಡರ್ ಮುಟ್ಟಿದವರಿಗೆಲ್ಲ ‘ಚುರುಕ್’ ಅಂತ ಒಂದು ಚುಚ್ಚು ಕೊಡುತ್ತಿತ್ತು. ವೈರಿಂಗು ನಲವತ್ತು ವರ್ಷದ್ದು. ಸ್ವಿಚ್ಚುಗಳು ಕರಿ ಇಡ್ಲಿಯ ಹಾಗೆ ಗುಂಡಗೆ. ಗ್ರೈಂಡರಿನ ಮುಂದೆ ಒಂದು ಹಲಗೆ ಹಾಕಿ, ಹಲಗೆಯ ಮೇಲೆ ರಬ್ಬರ್ ಚಪ್ಪಲಿ ಹಾಕಿಕೊಂಡು ನಿಂತು ಹಿಟ್ಟು ರುಬ್ಬುವುದು ಆ ಮನೆಯ ಆಚಾರ. ಹೊರಗಿನವರು ನೋಡಿದರೆ ಯಾವುದೋ ಹರಕೆ ಎಂದುಕೊಳ್ಳಬೇಕು.

“ಹಿಂಗೇ ಇದ್ರೆ ಒಂದಿನ ಯಾರಾದ್ರೂ ಸಾಯ್ತಾರೆ. ಸೇಕರನ್ನ ಕರೀತೀನಿ ಬುಡು,” ಎಂದ ಅವನು.

“ಕರೀರಿ! ನಾಳೆ ಬೀದೀಲಿ ಏನಂತಾರೆ? ದೊಡ್ಡ ಸೊಸೆ ಮನೆ ದೀಪಾನೂ ಚಿಕ್ಕ ಸೊಸೆ ತವರೋರೇ ಹಚ್ಚಿದ್ರು ಅಂತಾರೆ. ನನಗೆ ತವರಿಲ್ಲ್ಯಾ? ಅಣ್ಣ ಇಲ್ಲ್ಯಾ?”

“ಇದ್ದಾನೆ. ಅವನು ದ್ರಾಕ್ಷಿ ಬೆಳೀತಾನೆ.”

“ಆ ಸೇಕರ್ ಈ ಹೊಸಿಲು ದಾಟಿದ ದಿನ ನಾನು ಈ ಹೊಸಿಲು ದಾಟ್ತೀನಿ. ನೋಡ್ಕೊಳ್ಳಿ.”

ಕರುಪ್ಪಸಾಮಿ ಎರಡನ್ನೂ ತಕ್ಕಡಿಯಲ್ಲಿ ಹಾಕಿದವನಂತೆ ಒಂದು ಕ್ಷಣ ಸುಮ್ಮನಿದ್ದ. (ಆ ಒಂದು ಕ್ಷಣಕ್ಕಾಗಿ ಅವನು ಮೂರು ದಿನ ತಣ್ಣನೆಯ ಸಾರು ಉಂಡ.)

ಪೊಂಗಲಿಗೆ ಇನ್ನು ಒಂದೂವರೆ ತಿಂಗಳಿತ್ತು. ಪೊಂಗಲಿಗೆ ಅಣ್ಣತಮ್ಮಂದಿರು ತಂಗಿಯ ಮನೆಗೆ ಸೀರು ತರಲೇಬೇಕು. ಅದು ದೇವರು ಕೊಟ್ಟ ಎರಡನೇ ಅವಕಾಶ. ದೈವಾನೈ ಫೋನು ತೆಗೆದಳು.

“ಅಣ್ಣಾ, ಈ ಪೊಂಗಲಿಗೆ ಕಬ್ಬು ಬ್ಯಾಡ.”

“ಯಾಕೆ ತಂಗಚ್ಚಿ? ಭಾವನಿಗೆ ಸಕ್ಕರೆ ಕಾಯಿಲೆ ಬಂತಾ?”

“ನನಗೆ ಟ್ರಿಪ್ಪರ್ ಬೇಕು.”

“ಅದು ಬಿತ್ತಿದರೆ ಎಷ್ಟು ದಿನಕ್ಕೆ ಬತ್ತದೆ?”

ಕಾಲು ಗಂಟೆ ವಿವರಿಸಿದ ಮೇಲೆ ಪಿಚ್ಚೈಗೆ ಎರಡು ವಿಷಯ ಅರ್ಥವಾದವು. ಅದು ಗಿಡವಲ್ಲ. ಮತ್ತು ತಂಗಿಯ ಮಾನ ಅದರೊಳಗೆ ಸಿಕ್ಕಿಕೊಂಡಿದೆ.

“ಎಷ್ಟು ದೊಡ್ಡದು ಬೇಕು?”

“ಅವಳದು ಮೂವತ್ತು. ನಿನ್ನ ತಂಗಚ್ಚಿಗೆ ಎಷ್ಟು ಬೇಕು ಅಂತ ನೀನೇ ನೋಡು,” ಎಂದು ದೈವಾನೈ ಗದ್ಗದ ಕಂಠದಿಂದ ಫೋನಿಟ್ಟಳು. ಅಣ್ಣನಾದವನಿಗೆ ಇದಕ್ಕಿಂತ ದೊಡ್ಡ ರಣಕಹಳೆ ಇನ್ನೇನು ಬೇಕು? ಪಿಚ್ಚೈ ಬಿಳಿ ಪಂಚೆ ಉಟ್ಟು ಬಸ್ಸು ಹತ್ತಿ ನೇರ ದಿಂಡಿಗಲ್ಲಿಗೆ ಹೋದ.

ಅಂಗಡಿಯವನು ಮೂರು ಪೆಟ್ಟಿಗೆ ಇಟ್ಟ. ಮೂವತ್ತು, ನೂರು, ಮುನ್ನೂರು. ಪಿಚ್ಚೈ ಮೂವತ್ತನ್ನು ಒಂದು ಬೆರಳಿನಿಂದ ಆಚೆ ತಳ್ಳಿದ. ನೂರನ್ನು ಎರಡು ಬೆರಳಿನಿಂದ ತಳ್ಳಿದ. ಮುನ್ನೂರನ್ನು ಕಣ್ಣಿಗೊತ್ತಿಕೊಂಡ.

“ಇದು ಯಾವ ಫ್ಯಾಕ್ಟರಿಗೆ?” ಎಂದು ಅಂಗಡಿಯವನು ಕೇಳಿದ.

“ಫ್ಯಾಕ್ಟರಿ ಇಲ್ಲ. ತಂಗಚ್ಚಿಗೆ.”

“ತಂಗಚ್ಚಿ ಮಿಲ್ಲು ನಡೆಸ್ತಾರಾ?”

“ಮನೆ ನಡೆಸ್ತಾಳೆ. ಮಿಲ್ಲಿಗಿಂತ ಸದ್ದು ಜಾಸ್ತಿ.”

ಅಂಗಡಿಯವನು ಏನೋ ಹೇಳಲು ಬಾಯಿ ತೆರೆದ. ಪಿಚ್ಚೈ ಅದನ್ನು ಹೊಟ್ಟೆಕಿಚ್ಚು ಎಂದು ತಿಳಿದು ಪೆಟ್ಟಿಗೆ ಕಟ್ಟಿಸಿಕೊಂಡು ಹೊರಟ.

ಇನ್ನು ಅದನ್ನು ಗೋಡೆಗೆ ಏರಿಸುವವರು ಬೇಕಲ್ಲ. ಸೇಕರ್ ಕೂಡದು. ಕಂಬಂನ ಉಳಿದ ಎಲೆಕ್ಟ್ರಿಷಿಯನ್ನರೆಲ್ಲ ಸೇಕರಿನ ಸ್ನೇಹಿತರು, ಆದ್ದರಿಂದ ಅವರೂ ಕೂಡದು. ಕೊನೆಗೆ ಕರುಪ್ಪಸಾಮಿಯ ಹೊಲದ ಟೊಮೇಟೊ ಹೋಗುವ ಒಡ್ಡನ್‌ಛತ್ರಂ ಮಂಡಿಯಿಂದ ದುರೈ ಎಂಬವನನ್ನು ಲಾರಿಯಲ್ಲೇ ಕೂರಿಸಿಕೊಂಡು ಬಂದದ್ದಾಯಿತು. ಮದುವೆ ಚಪ್ಪರಕ್ಕೂ ಲಾರಿ ಶೆಡ್ಡಿಗೂ ಬಣ್ಣದ ದೀಪ ಕಟ್ಟುವುದು ಅವನ ಕಸುಬು.

“ಲೈಸೆನ್ಸ್ ಅದೆಯಾ ತಮ್ಮಾ?” ಎಂದು ಕರುಪ್ಪಸಾಮಿ ಮೆಲ್ಲಗೆ ಕೇಳಿದ.

“ಅದೆ ಮಾವ. ಬೈಕಿಗೆ.”

ಪೊಂಗಲ್ ದಿನ ಪಿಚ್ಚೈ ಒಂಬತ್ತು ತಟ್ಟೆಯ ಸೈನ್ಯದೊಂದಿಗೆ ಬಂದ. ಮುಂದೆ ಉರುಮಿ ಎರಡು ಜೊತೆ. (ತಿಲಗವತಿಗೆ ಬಂದದ್ದು ಒಂದೇ ಜೊತೆ.) ಒಂಬತ್ತನೇ ತಟ್ಟೆಯಲ್ಲಿ ಮುನ್ನೂರು ಎಂಬ ಅಂಕಿ ಎಲ್ಲರಿಗೂ ಕಾಣುವಂತೆ ಅರಿಸಿನ ಹಚ್ಚಿಸಿಕೊಂಡು ಕೂತಿತ್ತು. ಮೆರವಣಿಗೆಗೆ ಬೀದಿಯ ಆ ತುದಿಯವರೆಗೂ ಹೋಗುವ ಕಾರಣವೇ ಇರಲಿಲ್ಲ. ಆದರೂ ಹೋಗಿ, ಹೋಗುವಾಗೊಮ್ಮೆ ಬರುವಾಗೊಮ್ಮೆ ತಿಲಗವತಿಯ ಬಾಗಿಲ ಮುಂದೆ ನಿಂತು ಬಂತು.

ದುರೈ ಪೆಟ್ಟಿಗೆ ಕೂರಿಸಿದ. ಹಳೆಯ ವೈರುಗಳನ್ನೇ ತಂದು ಅದರೊಳಗೆ ತುರುಕಿದ. ಸೇಕರ್ ತಂಗಿಯ ಹಿತ್ತಲಿನಲ್ಲಿ ಆಳದ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ತಾಮ್ರದ ಹಲಗೆ ಹೂತು ಅರ್ತಿಂಗ್ ಮಾಡಿದ್ದನ್ನು ದೈವಾನೈ ಗೋಡೆಯ ಮೇಲಿಂದ ನೋಡಿದ್ದಳು.

“ನಮಗೂ ಗುಂಡಿ ತೋಡಬೇಕಲ್ಲ್ಯಾ ದುರೈ?”

“ಆ ಗುಂಡಿ ಎಲ್ಲ ಮೂವತ್ತಕ್ಕೆ ಅಕ್ಕಾ. ಮುನ್ನೂರು ಇರೋರಿಗೆ ಯಾಕೆ?”

(ಓದುಗರೇ, ಇದನ್ನು ನಂಬಿ ನಿಮ್ಮ ಹಿತ್ತಲಿನ ಗುಂಡಿ ಮುಚ್ಚಲು ಹೋಗಬೇಡಿ.) ಗುಂಡಿಯ ಬದಲು ದುರೈ ತನ್ನ ವಿದ್ಯೆ ತೋರಿಸಿದ. ಪೆಟ್ಟಿಗೆಯ ಸುತ್ತ ಮಿಣಮಿಣ ಮಿನುಗುವ ಬಣ್ಣದ ದೀಪದ ಸರ ಕಟ್ಟಿದ. ದೈವಾನೈಗೆ ಕಣ್ಣಲ್ಲಿ ನೀರು ಬಂತು.

ಎರಡು ದಿನ ಅವಳ ಜೀವನದ ಸುವರ್ಣಯುಗ. ದನಗಳ ಪೊಂಗಲ್ ದಿನ ತಿಲಗವತಿ ಎತ್ತು ತೊಳೆದ ನೀರು ಹಿತ್ತಲಿನ ಪ್ಲಗ್ಗಿಗೆ ಹಾರಿ ‘ಟಕ್’. ಸಂಜೆ ಹಳೆಯ ಇಸ್ತ್ರಿ ಪೆಟ್ಟಿಗೆ ಹಾಕಿ ಮತ್ತೆ ‘ಟಕ್’. ಈಚೆ ಮನೆಯಲ್ಲಿ ಒಂದೂ ಇಲ್ಲ.

“ನಿಂದು ಪದೇಪದೇ ಬಿದ್ದೋಗ್ತದಲ್ಲ ತಿಲಗಂ, ಪಾಪ,” ಎಂದಳು ದೈವಾನೈ ಗೋಡೆಯ ಮೇಲಿಂದ. “ಮೂವತ್ತು ತಾನೆ, ಶಕ್ತಿ ಸಾಲ್ದು. ನಮ್ಮದು ಸಣ್ಣಪುಟ್ಟದಕ್ಕೆಲ್ಲ ಅಲ್ಲಾಡಲ್ಲ.”

“ಹೌದಕ್ಕಾ,” ಎಂದಳು ತಿಲಗವತಿ. ಮುಖ ಬಾಡಿದ ಬದನೆಕಾಯಿಯಂತಾಗಿತ್ತು. ಆ ಬದನೆಕಾಯಿಯನ್ನು ನೆನೆನೆನೆದು ದೈವಾನೈ ಆ ದಿನ ಎರಡು ತುತ್ತು ಹೆಚ್ಚು ಉಂಡಳು.

“ಗ್ರೈಂಡರ್ ಇನ್ನೂ ಚುರುಕ್ ಅಂತದೆ,” ಎಂದ ಕರುಪ್ಪಸಾಮಿ.

“ಅದು ನಿಮಗೆ ಅಭ್ಯಾಸ ಆಗೋಗ್ಯದೆ, ಅದಕ್ಕೆ.”

ಮೂರನೆಯ ದಿನ ನೆಂಟರನ್ನು ಕಾಣುವ ಹಬ್ಬ. ದೈವಾನೈ ಊಟಕ್ಕೆ ತಿಲಗವತಿಯನ್ನು ಕರೆದಳು, ಅವಳ ಜೊತೆ ಸೇಕರನ್ನೂ ಕರೆದಳು. (ಹೊಸಿಲಿನ ಶಪಥ ಎಲ್ಲಿ ಹೋಯಿತು ಎಂದು ಕೇಳಬೇಡಿ. ಗೆದ್ದ ರಾಜ ಸೋತವನನ್ನು ಆಸ್ಥಾನಕ್ಕೆ ಕರೆಸಿಕೊಳ್ಳುವುದು ಬೇರೆ ಲೆಕ್ಕ.) ಸೇಕರ್ ಒಳಗೆ ಬಂದವನೇ ಮಿನುಗುತ್ತಿದ್ದ ಪೆಟ್ಟಿಗೆಯ ಮುಂದೆ ನಿಂತ. ಹತ್ತಿರ ಹೋಗಿ ಓದಿದ. ಅವನ ಮುಖದ ಬಣ್ಣ ಇಳಿಯಿತು.

‘ಉರೀತಾ ಅದೆ, ಚೆನ್ನಾಗಿ ಉರೀತಾ ಅದೆ,’ ಎಂದು ದೈವಾನೈಯ ಮನಸ್ಸು ಕುಣಿಯಿತು.

“ಅಕ್ಕಾ, ಇದನ್ನ ಯಾರು ಹಾಕಿದ್ದು?”

“ನಮ್ಮಣ್ಣನ ಸೀರು. ಮುನ್ನೂರು.”

“ಅದೇ ಅಕ್ಕಾ ಭಯ. ಈ ಅಂಕಿ ಶಕ್ತಿ ಅಲ್ಲ, ಎಷ್ಟು ಸೋರೋ ತನಕ ಸುಮ್ಮಗಿರ್ತದೆ ಅನ್ನೋ ಲೆಕ್ಕ. ಮೂವತ್ತು ಅಂದ್ರೆ ಕಳ್ಳ ಬೇಲಿ ಮೇಲೆ ಕಾಲಿಟ್ಟಾಗಲೇ ಕೂಗೋ ನಾಯಿ. ಮುನ್ನೂರು ಅಂದ್ರೆ ಕಳ್ಳ ಒಳಗೆ ಬಂದು, ಉಂಡು, ಕೈ ತೊಳೆದು, ಬಾಗಿಲು ಹಾಕ್ಕೊಂಡು ಹೋದ ಮೇಲೆ ಬೊಗಳೋ ನಾಯಿ. ದೊಡ್ಡ ಮಿಲ್ಲಿನಲ್ಲಿ ಬೆಂಕಿ ಬೀಳದೆ ಇರ್ಲಿ ಅಂತ ಹಾಕ್ತಾರೆ. ಇದು ಮನುಷ್ಯನ್ನ ಉಳಿಸಲ್ಲ.”

ಪಂಕ್ತಿಯಲ್ಲಿ ಕೂತಿದ್ದ ಪಿಚ್ಚೈ ಎಲೆಯ ಮುಂದಿನಿಂದ ಎದ್ದ.

“ನನ್ನ ಸೀರಿಗೇ ನಾಯಿ ಅಂತೀಯೇನಪ್ಪಾ? ದಿಂಡಿಗಲ್ಲಿಂದ ತಂದದ್ದು!”

“ಕೋಪ ಬ್ಯಾಡ ಅಣ್ಣಾ. ಮನೇಲಿ ಎಲ್ಲಾದ್ರೂ ಚುರುಕ್ ಅಂತದಾ ಕೇಳಿ.”

“ಗ್ರೈಂಡರ್,” ಎಂದ ಕರುಪ್ಪಸಾಮಿ. ಹೆಂಡತಿಯ ಕಣ್ಣು ನೋಡಿ ಮುಂದಿನ ಮಾತನ್ನು ಅನ್ನದ ಜೊತೆ ನುಂಗಿದ.

“ಸುಳ್ಳು!” ಎಂದಳು ದೈವಾನೈ. “ಮುನ್ನೂರು ಬಂದ ಮೇಲೆ ಎಲ್ಲಾ ನಿಂತೋಗ್ಯದೆ. ನಾನೇ ಮುಟ್ಟಿ ತೋರಿಸ್ತೀನಿ.”

“ನೀನ್ಯಾಕೆ ತಂಗಚ್ಚಿ? ಅಣ್ಣ ಇಲ್ಲ್ಯಾ?” ಎಂದು ಪಿಚ್ಚೈ ಅಡುಗೆಮನೆಗೆ ನುಗ್ಗಿದ. ಸೇಕರ್ “ಬ್ಯಾಡಣ್ಣಾ!” ಎಂದು ಕೂಗುವುದರೊಳಗೆ, ಹಲಗೆಯನ್ನು ಕಾಲಿನಿಂದ ಆಚೆ ಒದ್ದು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಸಾರು ಕಲಸಿದ ಕೈಯಿಂದಲೇ, ಉದ್ದಿನ ಹಿಟ್ಟು ತಿರುಗುತ್ತಿದ್ದ ಗ್ರೈಂಡರನ್ನು ಅಪ್ಪಿ ಹಿಡಿದ.

ಈ ಸಲ ಗ್ರೈಂಡರ್ ಚುರುಕ್ ಅನ್ನಲಿಲ್ಲ. ಅವನನ್ನು ಹಿಡಿದುಕೊಂಡಿತು. ಪಿಚ್ಚೈಯ ಬಾಯಿಂದ “ಬಬಬಬಬ” ಎಂಬ ಒಂದೇ ಅಕ್ಷರ ಹೊರಟಿತು. ಮೀಸೆ ನೆಟ್ಟಗೆ ನಿಂತಿತು. ಕರುಪ್ಪಸಾಮಿ ಭಾವನನ್ನು ಎಳೆಯಲು ಓಡಿದ.

“ಯಾರೂ ಅವರನ್ನ ಮುಟ್ಟಬ್ಯಾಡಿ!” ಎಂದು ಸೇಕರ್ ಕರುಪ್ಪಸಾಮಿಯನ್ನು ಪಕ್ಕಕ್ಕೆ ತಳ್ಳಿ, ಹಜಾರಕ್ಕೆ ಹಾರಿ, ಬಣ್ಣದ ದೀಪದ ಸರವನ್ನು ಕಿತ್ತೆಸೆದು ಮೇನ್ ಸ್ವಿಚ್ಚನ್ನು ಕೆಳಗೆ ಬಡಿದ. ಅಲ್ಲಿಯವರೆಗೂ ಮುನ್ನೂರು ತನ್ನ ಘನತೆಗೆ ತಕ್ಕಂತೆ ಅಲ್ಲಾಡದೆ, ಕೆಂಪು ಹಸಿರು ದೀಪಗಳ ನಡುವೆ ಗಂಭೀರವಾಗಿ ಕೂತಿತ್ತು.

ಪಿಚ್ಚೈ ಹಿಂದಕ್ಕೆ ಬಿದ್ದು ಉದ್ದಿನ ಹಿಟ್ಟಿನ ಪಾತ್ರೆಯಲ್ಲಿ ಕೂತ. ದೈವಾನೈ “ಅಣ್ಣಾ!” ಎಂದು ಅವನ ಮೇಲೆ ಬಿದ್ದು ಅತ್ತಳು. ಆ ಕ್ಷಣದಲ್ಲಿ ಅವಳಿಗೆ ಮೂವತ್ತೂ ಬೇಡವಾಗಿತ್ತು, ಮುನ್ನೂರೂ ಬೇಡವಾಗಿತ್ತು. ಆ ಪೆದ್ದ ಅಣ್ಣ ಒಂದು ಸಲ ತಂಗಚ್ಚಿ ಅಂದರೆ ಸಾಕಾಗಿತ್ತು.

ಪಿಚ್ಚೈ ಕಣ್ಣು ಬಿಟ್ಟ. ಎದುರಿಗಿದ್ದ ತಂಗಿಯನ್ನು ದಾಟಿ ಸೇಕರಿನ ಕಡೆ ನೋಡಿದ.

“ತಮ್ಮಾ,” ಎಂದ ಕ್ಷೀಣ ದನಿಯಲ್ಲಿ, “ನಮ್ಮನೆಗೂ ಒಂದು ಮೂವತ್ತು ಹಾಕ್ಕೊಡ್ತೀಯಾ?”

ಕಂಬಂನಲ್ಲಿ ಡಾಕ್ಟರು ಎದೆಯ ಪರೀಕ್ಷೆ ಮಾಡಿ, ಗಾಬರಿಯಿಲ್ಲ, ಇನ್ನು ಮೇಲೆ ಗ್ರೈಂಡರನ್ನು ಅಪ್ಪಿಕೊಳ್ಳಬೇಡಿ ಎಂದು ಹೇಳಿ ಕಳಿಸಿದರು. ಆಮೇಲೆ ಸೇಕರ್ ನಾಲ್ಕು ದಿನ ದೈವಾನೈಯ ಮನೆಯಲ್ಲಿ ಕೆಲಸ ಮಾಡಿದ. ಮೀಟರು ಹಿಡಿದು ಹುಡುಕಿದರೆ ಹನ್ನೊಂದು ಕಡೆ ಕರೆಂಟು ಸೋರುತ್ತಿತ್ತು. ವೈರು ಬದಲಾಯಿತು, ಗುಂಡಿ ತೋಡಿದ್ದಾಯಿತು, ಕರಿ ಇಡ್ಲಿಗಳು ಇಳಿದವು. ಕೊನೆಯ ದಿನ ಅವನು ಹೊಸ ಮೂವತ್ತನ್ನು ವೀಳ್ಯದೆಲೆಯ ಮೇಲಿಟ್ಟು ತಟ್ಟೆಯಲ್ಲಿ ತಂದ.

“ತಿಲಗಂ ನಿಮಗೆ ತಂಗಚ್ಚಿ ಅಂದ್ರೆ ನಾನು ನಿಮಗೂ ಕೂಡಹುಟ್ಟಿದೋನು ತಾನೆ ಅಕ್ಕಾ? ಇದು ನನ್ನ ಸೀರು. ಬ್ಯಾಡ ಅನ್ನಬ್ಯಾಡಿ.”

ಅಣ್ಣನ ಪ್ರಾಣ ಉಳಿಸಿದ ಕೈ ಅದು. ದೈವಾನೈ ತಟ್ಟೆ ತೆಗೆದುಕೊಂಡು ಕಣ್ಣೊರೆಸಿಕೊಂಡಳು. ಮನಸ್ಸಿನ ಕಲ್ಮಷವೆಲ್ಲ ತೊಳೆದುಹೋಯಿತು ಎಂದು ನನಗೂ ಅನ್ನಿಸಿತ್ತು. ಅಷ್ಟರಲ್ಲಿ ಅವಳು ಅತ್ತ ಇತ್ತ ನೋಡಿ, ದನಿ ತಗ್ಗಿಸಿ ಕೇಳಿದಳು:

“ತಮ್ಮಾ, ಕಮ್ಮಿ ಇದ್ದಷ್ಟೂ ಒಳ್ಳೇದು ಅಂತಾಯ್ತಲ್ಲ, ಮೂವತ್ತಕ್ಕಿಂತ ಕಮ್ಮೀದು ಇಲ್ಲ್ಯಾ?”

ಸೇಕರ್ ಒಳ್ಳೆಯವನು. ಸುಳ್ಳು ಹೇಳಲು ಬರುವುದಿಲ್ಲ. “ಹತ್ತು ಅದೆ ಅಕ್ಕಾ. ಇಡೀ ಮನೆಗೆ ಹಾಕಿದ್ರೆ ಸುಮ್ಮಸುಮ್ಮಗೆ ಬಿದ್ದೋಗ್ತದೆ. ಬಚ್ಚಲಿನ ಹೀಟರಿಗೆ ಬೇಕಾದ್ರೆ ಒಂದು ಬೇರೆ ಹಾಕಬೋದು.”

“ಹಾಕು. ಎಲ್ಲಿಗಾದ್ರೂ ಸರಿ. ಬಂದೋರಿಗೆ ಕಾಣಂಗೆ ಹಾಕು.”

ಹೀಗಾಗಿ ಬಚ್ಚಲಮನೆಯ ಬಾಗಿಲ ಪಕ್ಕದ ಗೋಡೆಯ ಮೇಲೆ ಹತ್ತು ಸ್ಥಾಪನೆಯಾಯಿತು. ಅರಿಸಿನ ಕುಂಕುಮಕ್ಕೆ ಬಂದ ಹೆಂಗಸರನ್ನೆಲ್ಲ ದೈವಾನೈ ದೇವರ ಕೋಣೆ ದಾಟಿಸಿ ನೇರ ಬಚ್ಚಲಿನ ಕಡೆ ಕರೆದೊಯ್ದಳು. “ಕೊಂಬೈಲಿ ಯಾರ ಮನೇಲೂ ಇಲ್ಲ್ಯ. ಮೂವತ್ತು ಎಲ್ಲರಿಗೂ ಅದೆ. ಹತ್ತು ನಮಗೆ ಮಾತ್ರ,” ಎಂದಳು. ಒಳಗೆ ಸೋಪು ಹಚ್ಚಿಕೊಂಡಿದ್ದ ಕರುಪ್ಪಸಾಮಿ ಹೆಂಗಸರ ದನಿ ನಿಲ್ಲುವವರೆಗೂ ಹೊರಗೆ ಬರಲಾರದೆ ನೊರೆಯೊಳಗೇ ಒಣಗಿದ.

ಆ ಸಂಜೆ ನಾಲ್ಕೂವರೆ ಇಂಚಿನ ಗೋಡೆಯಾಚೆ ತಿಲಗವತಿ ಅಣ್ಣನ ಮೇಲೆ ಹರಿಹಾಯುವುದು ಕೇಳಿತು. “ಕೂಡಹುಟ್ಟಿದ ನನಗೆ ಮೂವತ್ತು, ಅವರಿಗೆ ಹತ್ತಾ?” ಎಂದಿತು ಅವಳ ದನಿ. ಸೇಕರ್ ಏನೋ ಗೊಣಗಿದ. ದೈವಾನೈ ಗೋಡೆಗೆ ಕಿವಿಯಿಟ್ಟು ಕಣ್ಣು ಮುಚ್ಚಿದಳು. ಅವನ ಗೊಣಗು ಮಾತ್ರ ಎಷ್ಟು ಕಿವಿಗೊಟ್ಟರೂ ಅರ್ಥವಾಗಲಿಲ್ಲ. ಆಚೆ ತಿಲಗವತಿಯ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. ಸೋಲೊಪ್ಪಿಕೊಂಡಳು ಎಂದುಕೊಂಡು ದೈವಾನೈ ಸುಖವಾಗಿ ನಿದ್ದೆ ಹೋದಳು.

ಮಾರನೆಯ ದಿನದಿಂದ ಕರೆಯದೆಯೇ ಜನ ಬರತೊಡಗಿದರು. ಅದು ಸರಿಯೇ. ಆದರೆ ಬಂದವರ ಕೈಯಲ್ಲಿ ಕಿತ್ತಳೆ ಇತ್ತು, ಎಳನೀರಿತ್ತು. ಚಪ್ಪಲಿ ಸದ್ದಾಗದಂತೆ ನಡೆದರು. ಬಚ್ಚಲ ಬಾಗಿಲ ಬಳಿ ನಿಂತು ಪೆಟ್ಟಿಗೆಯನ್ನೂ ದೈವಾನೈಯನ್ನೂ ನೋಡಿ ನಿಟ್ಟುಸಿರು ಬಿಟ್ಟರು. ಒಬ್ಬಳು ಅವಳ ಕೈ ಹಿಡಿದು “ಎಷ್ಟು ದಿನದಿಂದ ಹಿಂಗೆ?” ಎಂದು ಪಿಸುಗುಟ್ಟಿದಳು.

“ಏನು ಎಷ್ಟು ದಿನದಿಂದ?” ಎಂದಳು ದೈವಾನೈ ಗಾಬರಿಯಿಂದ.

ಉತ್ತರ ಕೊಟ್ಟದ್ದು ಮೂಲೆಮನೆಯ ಮುದುಕಿ. ಅವಳು ದೈವಾನೈಯ ಕೆನ್ನೆ ಸವರಿ, ಎರಡು ಕಿತ್ತಳೆಯನ್ನು ಮಡಿಲಿಗೆ ಹಾಕಿ, ಬೀದಿಗೆಲ್ಲ ಕೇಳುವ ದನಿಯಲ್ಲಿ ಸಮಾಧಾನ ಹೇಳಿದಳು:

“ಎಲ್ಲಾ ತಿಲಗಂ ಹೇಳಿದ್ಲು ಮಗಳೆ. ಕಣ್ಣೀರು ಹಾಕ್ಕೊಂಡೇ ಹೇಳಿದ್ಲು. ನೆಟ್ಟಗಿರೋ ಮನೆಗೆಲ್ಲ ಮೂವತ್ತೇ ಸಾಕಂತೆ, ನಿಮ್ಮದು ಮಾತ್ರ ಕೆಟ್ಟು ಕೆಟ್ಟು ಹತ್ತಕ್ಕೆ ಇಳಿದೋಗ್ಯದಂತೆ. ಧೈರ್ಯ ಬುಡಬ್ಯಾಡ. ನಮ್ಮನೆ ಎಮ್ಮೆಯೂ ಹಿಂಗೇ ಇಳಿದೋಗಿತ್ತು. ಆಮೇಲೆ ಎರಡು ಕರು ಹಾಕ್ತು.”